ಟೆಕ್ಸಾಸಿನಲ್ಲಿ ಮೊದಲ ಪಿಸ್ತೂಲು ಕೊಳ್ಳುವ ಮುನ್ನ

ನಮಸ್ಕಾರ. ಗ್ರೀನ್ ಕಾರ್ಡ್ ಮೇಲೆ ಡಲ್ಲಾಸ್ ಸಮೀಪದ ಫ್ರಿಸ್ಕೋಗೆ ಈಚೆಗೆ ಬಂದಿರುವ ನೀವು, ಮನೆಯ ರಕ್ಷಣೆಗೆಂದು ಟ್ರಿಗರ್ ಒತ್ತಿದಾಗಲೆಲ್ಲ ಒಂದೊಂದೇ ಗುಂಡು ಹಾರಿಸುವ ಹೊಸ ಸೆಮಿ ಆಟೊಮ್ಯಾಟಿಕ್ ಪಿಸ್ತೂಲೊಂದನ್ನು ಕೊಳ್ಳಬೇಕೆಂದಿದ್ದೀರಿ. ಮುನ್ನೂರು ಡಾಲರಿನೊಳಗೆ ಸಿಗುವ ಟಾರಸ್ ಜಿ3ಸಿ ಸಾಕೇ, ಆರುನೂರರ ಹತ್ತಿರವಿರುವ ಗ್ಲಾಕ್ 19ಕ್ಕೇ ಹೋಗಬೇಕೇ, ಹೆಚ್ಚು ಹಣಕ್ಕೆ ಸಿಗುವ ಸೌಲಭ್ಯಗಳು ನಿಜಕ್ಕೂ ಬೇಕಾದವೇ ಎಂದು ಕೇಳಿದ್ದೀರಿ. ಕೊಡಗಿನ ಮನೆಯಲ್ಲಿ ಕೋವಿಯನ್ನು ನೋಡುತ್ತಲೇ ಬೆಳೆದವರಾದ್ದರಿಂದ ಅಳುಕಿಲ್ಲವೆಂದೂ ಬರೆದಿದ್ದೀರಿ. ಅದು ಒಳ್ಳೆಯದೇ. ಆದರೆ ಉದ್ದ ನಳಿಗೆಯ ಕೋವಿ ಹೆಗಲಿಗೆ ಆತುಕೊಂಡಿರುತ್ತದೆ, ಅದರ ಬಾಯಿ ಎತ್ತ ಇದೆಯೆಂಬುದು ಸುತ್ತಲಿನವರಿಗೆಲ್ಲ ಕಾಣುತ್ತದೆ. ಪಿಸ್ತೂಲಿನ ನಳಿಗೆ ನಾಲ್ಕು ಅಂಗುಲದ ಆಸುಪಾಸಿನದು, ಮಣಿಕಟ್ಟು ಸ್ವಲ್ಪ ಹೊರಳಿದರೂ ಅದು ಪಕ್ಕದಲ್ಲಿ ನಿಂತವರತ್ತ ತಿರುಗಿಬಿಟ್ಟಿರುತ್ತದೆ. ಆದ್ದರಿಂದ ಕೋವಿಯ ಅಭ್ಯಾಸವನ್ನೇ ನೆಚ್ಚಿಕೊಳ್ಳದೆ ಪಿಸ್ತೂಲನ್ನು ಹೊಸದಾಗಿಯೇ ಕಲಿಯಿರಿ.

ಬೆಲೆಗಿಂತ ಮೊದಲು ಕಾನೂನಿನ ಒಂದು ಮಾತು. ಇಪ್ಪತ್ತೊಂದು ವರ್ಷ ತುಂಬಿದ ಗ್ರೀನ್ ಕಾರ್ಡುದಾರರು ಪರವಾನಗಿಯಿರುವ ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಬಹುದು. ಕೆಲಸದ ಎಚ್-1ಬಿ, ಅವರ ಕುಟುಂಬದವರ ಎಚ್-4, ವಿದ್ಯಾರ್ಥಿ ವೀಸಾ ಅಥವಾ ಪ್ರವಾಸಿ ವೀಸಾದ ಮೇಲಿರುವವರು ಕೊಳ್ಳುವಂತಿಲ್ಲ. ರಾಜ್ಯವೊಂದು ಕೊಟ್ಟ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿಲ್ಲದೆ ಅವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ನಮ್ಮವರಲ್ಲಿ ಬಹಳಷ್ಟು ಜನಕ್ಕೆ ತಿಳಿಯದ ಸಂಗತಿಯೆಂದರೆ, ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಪಿಸ್ತೂಲನ್ನು ಹಿಡಿದು ಹೊಡೆದು ನೋಡುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಆದ್ದರಿಂದ ಎಚ್-1ಬಿ ಮೇಲಿರುವ ಸ್ನೇಹಿತರನ್ನಾಗಲಿ, ಊರಿನಿಂದ ಬಂದಿರುವ ತಂದೆ ತಾಯಿಯನ್ನಾಗಲಿ ವಾರಾಂತ್ಯದ ಮೋಜಿಗೆಂದು ರೇಂಜಿಗೆ ಕರೆದೊಯ್ದು ಕೈಗೆ ಪಿಸ್ತೂಲು ಕೊಡಬೇಡಿ, ಮನೆಯಲ್ಲಿ ಪಿಸ್ತೂಲಿಡುವ ಪೆಟ್ಟಿಗೆಯನ್ನು ತೆರೆಯುವ ಸಂಖ್ಯೆಯನ್ನೂ ಅವರಿಗೆ ತಿಳಿಸಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮನೆಯಲ್ಲಿಡುವ ಮೊದಲ ಪಿಸ್ತೂಲಿಗೆ 9 ಎಂಎಂ ಗುಂಡಿನ, ಮಧ್ಯಮ ಗಾತ್ರದ್ದನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಿಗ್ ಪಿ365ರಂಥ ಸಣ್ಣ ಪಿಸ್ತೂಲುಗಳು ಸೊಂಟದಲ್ಲಿ ಮರೆಯಾಗಿ ಇಟ್ಟುಕೊಳ್ಳಲು ಅನುಕೂಲವಾದವು, ಆದರೆ ಹಗುರವಾದಷ್ಟೂ ಹಿಂದಕ್ಕೆ ಒದೆಯುವುದು ಹೆಚ್ಚು, ಕಲಿಯುವವರ ಗುರಿ ಕೆಡುವುದೂ ಅಲ್ಲಿಯೇ. ಗ್ಲಾಕ್ 19ರಲ್ಲಿ ಹದಿನೈದು ಗುಂಡುಗಳ ಮ್ಯಾಗಜೀನ್ (ಹಿಡಿಯೊಳಗೆ ಸೇರಿಸುವ ಗುಂಡಿನ ಡಬ್ಬಿ) ಇದೆ. ಹೋಲ್‌ಸ್ಟರ್ (ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒರೆ), ಬಿಡಿಭಾಗ, ಮ್ಯಾಗಜೀನುಗಳು ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತವೆ, ಮುಂದೆ ಮಾರುವುದಾದರೂ ಬೆಲೆ ಅಷ್ಟಾಗಿ ಇಳಿಯುವುದಿಲ್ಲ. ನೀವು ಹೆಚ್ಚು ಕೊಡುವ ಹಣದ ಬಹುಭಾಗ ಇದಕ್ಕೇ ಸಲ್ಲುತ್ತದೆಯೇ ಹೊರತು ಬೇರೆ ಯಾವ ವಿಶೇಷ ಸೌಲಭ್ಯಕ್ಕೂ ಅಲ್ಲ. ಅದರ ಜೊತೆಗೆ ಬರುವ, ಗುರಿ ಹಿಡಿಯಲು ನೋಡುವ ಸಾಮಾನ್ಯ ಸೈಟುಗಳು ಪ್ಲಾಸ್ಟಿಕ್ಕಿನವು, ಗುಂಡು ಹಾರದಂತೆ ತಡೆಯಲು ಹೆಬ್ಬೆರಳಿನಿಂದ ಹಾಕುವ ಸೇಫ್ಟಿಯೂ ಅದಕ್ಕಿಲ್ಲ. ಆ ಸೇಫ್ಟಿ ಬೇಕೆನಿಸಿದರೆ ಜಿ3ಸಿಯಲ್ಲಿ ಅದಿದೆ, ಎರಡರ ನಡುವಿನ ಬೆಲೆಯ ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಪ್ಲಸ್ಸಿನಲ್ಲಿ ಅದಿರುವ ಮಾದರಿಯೂ ಇಲ್ಲದ ಮಾದರಿಯೂ ದೊರೆಯುತ್ತದೆ.

ಗುರಿಯ ಮೇಲೆ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಸೈಟನ್ನು ಕೂರಿಸಲು, ಹಿಂದಕ್ಕೂ ಮುಂದಕ್ಕೂ ಜಾರುವ ಮೇಲಿನ ಭಾಗವಾದ ಸ್ಲೈಡಿನಲ್ಲಿ ಜಾಗ ಕೊರೆದಿರುವ ಮಾದರಿಗೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ. ಅದನ್ನು ಕೊಡಿ, ಏಕೆಂದರೆ ಆಮೇಲೆ ಕೊರೆಸುವುದು ದುಬಾರಿ. ಆದರೆ ಇನ್ನೂರರಿಂದ ನಾನೂರು ಡಾಲರ್ ಬೀಳುವ ರೆಡ್ ಡಾಟನ್ನು ಈಗಲೇ ಕೊಳ್ಳಬೇಡಿ. ಅದಕ್ಕಿಂತ ಮೊದಲು ನಳಿಗೆಯ ಕೆಳಗೆ ಸಿಕ್ಕಿಸುವ ಒಂದು ಒಳ್ಳೆಯ ಲೈಟ್ ಬೇಕು. ನಡುರಾತ್ರಿ ಅಡುಗೆಮನೆಯಲ್ಲಿ ಸದ್ದಾದರೆ ಅಲ್ಲಿರುವುದು ಕಳ್ಳನೋ ನೀರು ಕುಡಿಯಲು ಎದ್ದ ಮಗನೋ ಎಂದು ತಿಳಿಯುವುದಕ್ಕಿಂತ ದೊಡ್ಡ ಸೌಲಭ್ಯ ಬೇರೊಂದಿಲ್ಲ. ಇದರ ಜೊತೆಗೆ ಕೈಯಲ್ಲಿ ಹಿಡಿಯುವ ಟಾರ್ಚ್ ಕೂಡ ಹಾಸಿಗೆಯ ಪಕ್ಕದಲ್ಲಿರಲಿ, ಏಕೆಂದರೆ ಪಿಸ್ತೂಲಿನ ಲೈಟನ್ನು ಯಾರ ಮೇಲೆ ಬಿಟ್ಟರೂ ಅವರತ್ತ ನಳಿಗೆಯೂ ತಿರುಗಿರುತ್ತದೆ. ಕತ್ತಲಲ್ಲಿ ಹೊಳೆಯುವ ಟ್ರಿಟಿಯಮ್ ಸೈಟುಗಳು ಸುಮಾರು ಹನ್ನೆರಡು ವರ್ಷಕ್ಕೆ ಅರ್ಧ ಮಂಕಾಗುತ್ತವೆ, ಅವು ಇಲ್ಲದಿದ್ದರೂ ನಡೆಯುತ್ತದೆ. ಬಣ್ಣಬಣ್ಣದ ಫ್ರೇಮು, ಚಿತ್ತಾರದ ಸ್ಲೈಡುಗಳಿಗೆ ಒಂದು ಡಾಲರನ್ನೂ ಹಾಕಬೇಡಿ.

ಅಂಗಡಿಯಲ್ಲಿ ಮಾರುವವರು ಸ್ಲೈಡನ್ನು ಹಿಂದಕ್ಕೆಳೆದು ನಿಲ್ಲಿಸಿ, ಗುಂಡು ಕೂರುವ ಚೇಂಬರ್ ಖಾಲಿಯಿರುವುದನ್ನು ತೋರಿಸಿ ನಿಮ್ಮ ಕೈಗೆ ಕೊಡುತ್ತಾರೆ. ನೀವೂ ಒಮ್ಮೆ ಇಣುಕಿ ನೋಡಿ, ಬೇಕಾದರೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಹೆಬ್ಬೆರಳು ತೋರುಬೆರಳುಗಳ ನಡುವಿನ ಕವಲು ಹಿಡಿಯ ಮೇಲ್ತುದಿಗೆ ಒತ್ತಿ ಕೂರಬೇಕು, ಹಾಗೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ತಾನಾಗಿ ಟ್ರಿಗರಿನ ಮೇಲೆ ಬರಬೇಕು. ಹಿಡಿತ ಬದಲಿಸದೆ ಮ್ಯಾಗಜೀನ್ ಬಿಡುಗಡೆಯ ಗುಂಡಿ ಹೆಬ್ಬೆರಳಿಗೆ ಎಟುಕುತ್ತದೆಯೇ ಎಂದು ನೋಡಿ. ಆಮೇಲೆ ನಿಮ್ಮ ಶ್ರೀಮತಿಯವರೂ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ನೋಡಲಿ (ಅವರದೂ ಗ್ರೀನ್ ಕಾರ್ಡೇ ಆಗಿದ್ದರೆ ಮಾತ್ರ). ಅವರಿಗೆ ಕಷ್ಟವಾದರೆ ಸ್ಪ್ರಿಂಗ್ ಮೆದುವಾಗಿರುವ ಶೀಲ್ಡ್ ಇಝೆಡ್ ಅನ್ನು ಕೇಳಿ. ಈ ಪರೀಕ್ಷೆಯಲ್ಲಿ ಅಗ್ಗದ್ದು ಗೆದ್ದರೆ ಅದನ್ನೇ ತೆಗೆದುಕೊಳ್ಳಿ, ಸಂಕೋಚ ಬೇಡ.

ಏಕೆಂದರೆ ಮುನ್ನೂರು ಡಾಲರಿನ ಆ ವ್ಯತ್ಯಾಸ ಮುಂದಿನ ಖರ್ಚಿನೆದುರು ದೊಡ್ಡದಲ್ಲ. ಐವತ್ತು ಅಭ್ಯಾಸದ ಗುಂಡುಗಳ ಪೆಟ್ಟಿಗೆಗೆ ಹದಿನೈದು ಡಾಲರಿನ ಆಸುಪಾಸು ಬೀಳುತ್ತದೆ. ರಕ್ಷಣೆಗೆ ಬಳಸುವ, ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡು ಇಪ್ಪತ್ತಕ್ಕೇ ಅದಕ್ಕಿಂತ ಹೆಚ್ಚಾಗಬಹುದು. ಯಾವ ಕಂಪನಿಯ ಪಿಸ್ತೂಲಾದರೂ ಇನ್ನೂರು ಅಭ್ಯಾಸದ ಗುಂಡು, ಐವತ್ತು ರಕ್ಷಣೆಯ ಗುಂಡುಗಳನ್ನು ಸಿಕ್ಕಿಕೊಳ್ಳದೆ ಹೊಡೆಯುವವರೆಗೆ ಅದನ್ನು ನಂಬಬೇಡಿ. ಜೊತೆಗೆ ರೇಂಜಿನ ಶುಲ್ಕ, ಒಬ್ಬ ಒಳ್ಳೆಯ ತರಬೇತುದಾರರ ಪಾಠ, ಕಿವಿಗೆ ಕಣ್ಣಿಗೆ ರಕ್ಷಣೆ ಇವೆ. ಸಂಖ್ಯೆ ಒತ್ತಿ ತೆರೆಯುವ, ನೆಲಕ್ಕೋ ಮಂಚಕ್ಕೋ ಬಿಗಿಯಬಹುದಾದ ಪೆಟ್ಟಿಗೆಯನ್ನು ಪಿಸ್ತೂಲಿಗಿಂತ ಮೊದಲೇ ಮನೆಗೆ ತನ್ನಿ. ಹದಿನೇಳು ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಅಜಾಗರೂಕತೆಯಿಂದ ಬಿಡುವುದು ಟೆಕ್ಸಾಸಿನಲ್ಲಿ ಅಪರಾಧ. ನಿಮ್ಮ ಇಬ್ಬರು ಮಕ್ಕಳು ಏನನ್ನೂ ಹುಡುಕಿ ತೆಗೆಯುವ ವಯಸ್ಸಿನವರೆಂದು ನೀವೇ ಬರೆದಿದ್ದೀರಿ.

2021ರ ಸೆಪ್ಟೆಂಬರಿನಿಂದ ಇಲ್ಲಿ ಪರವಾನಗಿಯಿಲ್ಲದೆಯೇ ಪಿಸ್ತೂಲನ್ನು ಜೊತೆಯಲ್ಲಿ ಒಯ್ಯಬಹುದೆಂಬುದು ನಿಜ. ಆದರೂ ರಾಜ್ಯದ ಪರವಾನಗಿ ಪಡೆಯಿರಿ, ಏಕೆಂದರೆ ಅದಿಲ್ಲದೆ ಶಾಲೆಯ ಸುತ್ತ ಸಾವಿರ ಅಡಿಯೊಳಗೆ ಗುಂಡು ತುಂಬಿದ ಪಿಸ್ತೂಲನ್ನು ಒಯ್ಯುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ, ಮಕ್ಕಳನ್ನು ಬಿಡಲು ಹೋಗುವವರು ದಿನವೂ ಆ ಗಡಿ ದಾಟುತ್ತಾರೆ.

ಕೊಳ್ಳುವ ದಿನ ಅಂಗಡಿಯಲ್ಲಿ ಬಂದೂಕು ಖರೀದಿಯ ಫೆಡರಲ್ ಅರ್ಜಿಯಾದ ಫಾರ್ಮ್ 4473 ತುಂಬಬೇಕು; ಗ್ರೀನ್ ಕಾರ್ಡಿನಲ್ಲಿರುವ ಏಲಿಯನ್ ಸಂಖ್ಯೆ ಅಲ್ಲಿ ಬೇಕಾಗುತ್ತದೆ. ಎಫ್‌ಬಿಐ ಮಾಡುವ ಹಿನ್ನೆಲೆ ತಪಾಸಣೆ ಸಾಮಾನ್ಯವಾಗಿ ನಿಮಿಷಗಳಲ್ಲಿ ಮುಗಿಯುತ್ತದೆ, ಹೊಸಬರಿಗೆ ಕೆಲವೊಮ್ಮೆ ತಡವಾಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಮನೆ ಬದಲಿಸಿದ್ದರೆ ಡ್ರೈವರ್ಸ್ ಲೈಸೆನ್ಸಿನಲ್ಲಿರುವ ವಿಳಾಸವನ್ನು ಮೊದಲೇ ಸರಿಪಡಿಸಿಕೊಂಡು ಹೋಗಿ. ಈಗಿನ ವಿಳಾಸವಿರುವ ಸರ್ಕಾರಿ ದಾಖಲೆಯಿಲ್ಲದೆ ಅಂಗಡಿಯವರು ಪಿಸ್ತೂಲನ್ನು ಕೊಡುವಂತಿಲ್ಲ.