ಬಿಡದಿ ಹಾಳಾಗಿದ್ದು ಕಾರ್ಖಾನೆಯಿಂದಲೇ?

ಬಿಡದಿಯ ಓದುಗರೊಬ್ಬರ ಪತ್ರದ ಸಾರ ಇದು: 'ಟೊಯೋಟಾ ಬಂದ ಮೇಲೆ ನಮ್ಮೂರು ಹಾಳಾಯಿತು. ರಾಗಿ ಹೊಲದಲ್ಲಿ ಬಾಡಿಗೆ ರೂಮುಗಳು ಎದ್ದಿವೆ. ಬೈರಮಂಗಲದ ಕೆರೆ ನೊರೆ ಕಾರುತ್ತಿದೆ. ತಟ್ಟೆ ಇಡ್ಲಿ ಹೋಟೆಲಿಗೆ ವ್ಯಾಪಾರವಿಲ್ಲ. ಇದನ್ನು ಅಭಿವೃದ್ಧಿ ಅಂತ ಹೇಗೆ ಬರೆಯುತ್ತೀರಿ?'

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಎಲ್ಲವನ್ನೂ ಒಂದೇ ಕಾರ್ಖಾನೆಯ ಗೇಟಿನ ಮುಂದೆ ತಂದು ಸುರಿದರೆ ನಿಜವಾದ ಹೊಣೆಗಾರರು ತಪ್ಪಿಸಿಕೊಳ್ಳುತ್ತಾರೆ.

ಕೆರೆಯನ್ನೇ ನೋಡಿ. ಅಲ್ಲಿಗೆ ಬರುವುದು ವೃಷಭಾವತಿ. ಬೆಂಗಳೂರಿನ ಬಸವನಗುಡಿ ಕಡೆ ಹುಟ್ಟುವ ಹೊಳೆ ಅದು. ಮಹಾನಗರದ ಒಳಚರಂಡಿ ನೀರನ್ನೂ ಅಲ್ಲಿನ ಕೈಗಾರಿಕೆಗಳ ಕೊಳೆಯನ್ನೂ ಹೊತ್ತು, ಕೆಂಗೇರಿ ದಾಟಿ ನಿಮ್ಮ ಕಡೆಗೆ ಬರುತ್ತದೆ. ಬಿಡದಿಯಲ್ಲಿ ಟೊಯೋಟಾದ ಕ್ವಾಲಿಸ್ ಕಾರು ತಯಾರಾಗತೊಡಗಿದ್ದು 1999ರ ಕೊನೆಗೆ. ಕೆರೆ ಕೆಡತೊಡಗಿದ್ದು ಅದಕ್ಕೂ ಮುಂಚೆ. ಅಚ್ಚುಕಟ್ಟಿನ ರೈತರು ಭತ್ತ ಬಿಟ್ಟು ಬೇಬಿ ಕಾರ್ನ್, ಸೀಮೆಹುಲ್ಲಿಗೆ ಇಳಿದರು. ಆ ಹುಲ್ಲು ತಿಂದ ಹಸುವಿನ ಹಾಲು ನಮ್ಮ ನಿಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ, ಅಲ್ವಾ?

ಇನ್ನು ಇಡ್ಲಿ. ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ತಟ್ಟೆ. ಮುಚ್ಚಳ ತೆಗೆದರೆ ಮುಖಕ್ಕೆ ಹಬೆ. ಬಿಸಿ ಇಡ್ಲಿಯ ಮೇಲೆ ಬೆಣ್ಣೆ ಜಾರಿ ಕರಗುತ್ತಿದ್ದಂತೆ ಕೆಂಪು ಚಟ್ನಿ. ಇದಕ್ಕಾಗಿಯೇ ಮೈಸೂರಿಗೆ ಹೋಗುವ ಕಾರು, ಬಸ್ಸು ಬಿಡದಿಯಲ್ಲಿ ನಿಲ್ಲುತ್ತಿದ್ದವು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೈಪಾಸ್ ಬಂದ ಮೇಲೆ ಗಾಡಿಗಳು ಊರಿನ ಒಳಗೆ ಬರುವುದೇ ನಿಂತಿತು. ಈಗ ಆ ಹೋಟೆಲುಗಳನ್ನು ಉಳಿಸುತ್ತಿರುವವರಲ್ಲಿ ಶಿಫ್ಟ್ ಮುಗಿಸಿ ಬರುವ ಕಾರ್ಮಿಕರೂ ಇದ್ದಾರೆ.

ಕಾರ್ಖಾನೆಯಿಂದ ಒಳ್ಳೆಯದೂ ಆಗಿದೆ. 2007ರಲ್ಲಿ ಟೊಯೋಟಾ ಶುರು ಮಾಡಿದ ತರಬೇತಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳು ಮೂರು ವರ್ಷ ಅಲ್ಲೇ ಉಳಿದು ಕೆಲಸ ಕಲಿಯುತ್ತಾರೆ. ನೀವು ಬೇಸರದಿಂದ ಬರೆದ ಬಾಡಿಗೆ ರೂಮುಗಳೇ ಜಮೀನು ಹೋದ ಎಷ್ಟೋ ಮನೆಗಳ ತಿಂಗಳ ಖರ್ಚು ತೂಗಿಸುತ್ತಿವೆ. ಇದನ್ನು ಅಭಿವೃದ್ಧಿ ಅಂತ ಬರೆದೆವು, ಈಗಲೂ ಬರೆಯುತ್ತೇವೆ. ಹಾಗಂತ ಕಾಯಂ ಕೆಲಸ ಸಿಕ್ಕವರ ಮನೆಗೂ ಕಂಟ್ರಾಕ್ಟ್ ಮೇಲೆ ದುಡಿಯುವವರ ಮನೆಗೂ ಇರುವ ಅಂತರ ಸಣ್ಣದಲ್ಲ. ಅದನ್ನು ಇನ್ನೂ ಜಾಸ್ತಿ ಬರೆಯಬೇಕು ಎಂಬುದಕ್ಕೆ ನಮ್ಮ ಪೂರ್ತಿ ಒಪ್ಪಿಗೆ ಇದೆ.

ನಮ್ಮ ತಕರಾರು ಬೇರೆ. ಕಾರ್ಖಾನೆಯ ಕಾಂಪೌಂಡಿನ ಒಳಗೆ ಪ್ರತಿ ಅಡಿಗೂ ಪ್ಲಾನ್ ಇರುತ್ತದೆ. ಹೊರಗೆ ಚರಂಡಿ ಎಲ್ಲಿ ಹೋಗಬೇಕು, ಹೊಸದಾಗಿ ಬಂದವರಿಗೆ ಕುಡಿಯುವ ನೀರು ಎಲ್ಲಿಂದ, ಹೆದ್ದಾರಿಯಿಂದ ಗಾಡಿ ಎಲ್ಲಿ ಇಳಿಯಬೇಕು? ಇದೆಲ್ಲ ತೀರ್ಮಾನವಾಗುವುದು ಬೆಂಗಳೂರಿನಲ್ಲೋ ದೆಹಲಿಯಲ್ಲೋ. ಬಿಡದಿಗೆ ಸುದ್ದಿ ಆಮೇಲೆ ಬರುತ್ತದೆ. ಬಿಡದಿ ಬಳಿ ಸರ್ಕಾರ ಕಟ್ಟಲು ಹೊರಟ ಹೊಸ ಊರಿನ, ಅಂದರೆ ಟೌನ್‌ಷಿಪ್ ವಿಷಯದಲ್ಲೂ ಅದೇ ಆಯಿತು. ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು 2025ರಲ್ಲಿ ಜಮೀನು ಕೊಡಲ್ಲ ಅಂತ ಬೀದಿಗಿಳಿದರು. ಮೊದಲೇ ಕೂರಿಸಿ ಕೇಳಿದ್ದರೆ ಅಷ್ಟು ದೂರ ಹೋಗಬೇಕಿತ್ತೇ?

ನಿಮ್ಮ ಪತ್ರವನ್ನು ಪುರಸಭೆಗೂ ಕಳಿಸಿ. ಬೆಂಗಳೂರಿನ ಕೊಳೆ ಸಂಸ್ಕರಣೆಯಾಗದೆ ಕೆರೆಗೆ ಬರುವುದು ಯಾವಾಗ ನಿಲ್ಲುತ್ತದೆ ಅಂತ ಲಿಖಿತವಾಗಿ ಕೇಳಿ. ಬಂದ ಉತ್ತರವನ್ನು ನಮಗೆ ಕಳಿಸಿದರೆ ಇದೇ ಪುಟದಲ್ಲಿ ಪೂರ್ತಿ ಅಚ್ಚು ಹಾಕುತ್ತೇವೆ.