ಮೆಷಿನ್ ಆಮೇಲೆ, ಮೊದಲು ಹಗ್ಗ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಬಟ್ಟೆ ಒಗೆಯುವ ಜಾಗದ ಬಗ್ಗೆಯೇ. ಮಳೆಗಾಲ ಅಲ್ವಾ, ಯಾರ ಮನೆಗೆ ಹೋದರೂ ಕುರ್ಚಿ ಬೆನ್ನ ಮೇಲೆ ಒದ್ದೆ ಬನಿಯನ್. ನಾನು ಮೈಸೂರಿನಲ್ಲಿ ಕಟ್ಟಡದ ನಕ್ಷೆ ಬರೆಯುತ್ತಾ 31 ವರ್ಷ ಕಳೆದವಳು. ಎಲ್ಲಾ ರೂಮು ಹಾಕಿ ಮುಗಿದ ಮೇಲೆ ಉಳಿದ ಚೂರು ಜಾಗಕ್ಕೆ ‘ಯುಟಿಲಿಟಿ’ ಅಂತ ಬರೆದು ಕೈತೊಳೆದುಕೊಂಡ ಪಾಪ ನನ್ನ ಮೇಲೂ ಇದೆ. ಈಗ ಉತ್ತರ ಬರೆದು ತೀರಿಸುತ್ತಿದ್ದೇನೆ.

ನಮ್ಮದು ಫ್ಲ್ಯಾಟ್. ಅಡುಗೆಮನೆಯ ಹಿಂದೆ ನಾಲ್ಕು ಅಡಿ ಅಗಲ, ಐದೂವರೆ ಅಡಿ ಉದ್ದದ ಯುಟಿಲಿಟಿ ಇದೆ. ಅಲ್ಲೇ ಪಾತ್ರೆ ಸಿಂಕ್, ಗ್ಯಾಸ್ ಗೀಸರ್, ಸಿಲಿಂಡರ್, ಪೊರಕೆ, ಕಸದ ಡಬ್ಬ. ಈಗ ವಾಷಿಂಗ್ ಮೆಷಿನ್ ಬೇರೆ ಬರುತ್ತಿದೆ. ಗ್ರಿಲ್ಲಿಗೆ ಗಾಜು ಹಾಕಿಸಿ ನೀಟಾಗಿ ಮಾಡಬೇಕು ಅಂತಿದ್ದೇವೆ. ಹೇಗೆ ಜೋಡಿಸಲಿ? — ಬೆಂಗಳೂರು

ಗಾಜಿನ ವಿಷಯ ಮೊದಲು. ಗ್ಯಾಸ್ ಗೀಸರ್ ಇರುವ ತನಕ ಗಾಜು ಬೇಡ. ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತೆ. ಸಿಲಿಂಡರ್ ಕಥೆ ಇನ್ನೊಂದು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತೆ. ಅದು ಹೊರಗೆ ಹೋಗಬೇಕಾದರೆ ಕೆಳಗಡೆ ಸಂದು ಬೇಕು. ಗೀಸರನ್ನು ಕರೆಂಟಿನದಕ್ಕೆ ಬದಲಿಸಿ ಬಾತ್‌ರೂಮಿಗೆ ಹಾಕಿಸಿ. ಗ್ರಿಲ್ಲು ಗ್ರಿಲ್ಲಾಗೇ ಇರಲಿ. ಮಳೆ ಎರಚಲು ಹೊಡೆಯುತ್ತೆ ಅನ್ನುವುದಾದರೆ ಸುತ್ತಿ ಮೇಲೆತ್ತುವ ಪರದೆ ಹಾಕಿ. ಹೊರಗಿನಿಂದ ಕಾಣುವ ಏನೇ ಬದಲಾವಣೆಗೂ ಮೊದಲು ಅಸೋಸಿಯೇಷನ್ನಿನವರನ್ನು ಒಂದು ಮಾತು ಕೇಳಿಬಿಡಿ.

ಇನ್ನು ಜೋಡಣೆ. ನಿಮ್ಮ ಪತ್ರದಲ್ಲಿ ಸಿಂಕಿನಿಂದ ಪೊರಕೆವರೆಗೆ ಎಲ್ಲಾ ಇದೆ, ಬಟ್ಟೆ ಎಲ್ಲಿ ಒಣಹಾಕುತ್ತೀರಿ ಅನ್ನುವುದು ಮಾತ್ರ ಇಲ್ಲ. ಮೆಷಿನ್ ಓಡುವುದು ಹೆಚ್ಚೆಂದರೆ ಒಂದೆರಡು ಗಂಟೆ. ಒದ್ದೆ ಬಟ್ಟೆ ಮನೆಯಲ್ಲಿ ನೇತಾಡುವುದು ದಿನವಿಡೀ. ಹಾಗಾಗಿ ನಾನು ನಕ್ಷೆಯಲ್ಲಿ ಮೊದಲು ಹಗ್ಗ ಎಳೆಯುತ್ತೇನೆ. ಆಮೇಲೆ ಹಗ್ಗಕ್ಕೆ ಹತ್ತಿರ ಮೆಷಿನ್. ತುಂಬಿದ ಬಕೆಟ್ ಹಿಡಿದು ಹಾಲ್ ದಾಟಿ, ಬೆಡ್‌ರೂಮು ದಾಟಿ ಬಾಲ್ಕನಿಗೆ ಹೋಗುವ ಮನೆಯಲ್ಲಿ ಟೈಲ್ಸ್ ಎಷ್ಟು ಚಂದ ಇದ್ದು ಏನು ಪ್ರಯೋಜನ?

ನಿಮ್ಮಲ್ಲಿ ಜಾಗ ಇರುವುದು ತಲೆ ಮೇಲೆ. ರಾಟೆ ಹಗ್ಗದಲ್ಲಿ ಇಳಿಸಿ ಏರಿಸುವ ಪೈಪುಗಳು ಸಿಗುತ್ತವೆ. ಒಂದೊಂದು ಪೈಪೂ ಬೇರೆ ಬೇರೆ ಇಳಿಯುತ್ತೆ. ಐದು ಅಡಿಯ ನಾಲ್ಕು ಪೈಪು ನಿಮಗೆ ಸಾಕು. ಇದೇನು ಹೊಸ ಕಂಡುಹಿಡಿತ ಅಲ್ಲ ಬಿಡಿ. ನಮ್ಮ ಅಜ್ಜಿ ಮನೆಯಲ್ಲಿ ತೊಲೆಯಿಂದ ಬಿದಿರಿನ ಗಳ ಇಳಿಬಿಟ್ಟಿದ್ದರು. ಮಡಿ ಸೀರೆಯನ್ನು ಕೋಲಿನ ತುದಿಯಿಂದ ಎತ್ತಿ, ಒಂದು ಸುಕ್ಕೂ ಇಲ್ಲದ ಹಾಗೆ ಅದರ ಮೇಲೆ ಹರವುತ್ತಿದ್ದರು. ಯಾರೂ ಮುಟ್ಟಬಾರದು ಅಂತ ಅಷ್ಟೆತ್ತರ. ಕಾರಣ ಏನೇ ಇರಲಿ, ಬಿಸಿಗಾಳಿ ಮೇಲಕ್ಕೇ ಹೋಗುವುದರಿಂದ ಸೀರೆ ಬೇಗ ಒಣಗುತ್ತಿತ್ತು, ಓಡಾಡುವವರ ಮುಖಕ್ಕೂ ತಾಗುತ್ತಿರಲಿಲ್ಲ.

ಈಗ ಟೇಪ್ ಹಿಡಿಯಿರಿ. ಫ್ರಂಟ್ ಲೋಡ್ ಮೆಷಿನ್ ಸಾಮಾನ್ಯವಾಗಿ 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರ. ಆಳ ಮಾತ್ರ ಬೇರೆ ಬೇರೆ, 45ರಿಂದ 65ರವರೆಗೆ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಷ್ಟು ಕಿಲೋ ಅಂತ. ನೀವು ಆಳ ಎಷ್ಟು ಅಂತ ಕೇಳಿ. ಹಿಂದೆ ಪೈಪಿಗೆ ಮೂರ್ನಾಲ್ಕು ಇಂಚು ಬಿಡಬೇಕು. 60 ಆಳದ್ದು ತಂದರೆ ನಿಮ್ಮ ನಾಲ್ಕು ಅಡಿಯಲ್ಲಿ ನಿಲ್ಲಲು ಉಳಿಯುವುದು 20 ಇಂಚು. ಅದರಲ್ಲಿ ಬಾಗಿಲು ತೆಗೆದು, ಬಗ್ಗಿ, ಬಟ್ಟೆ ಎಳೆಯಬೇಕು. ಸಾಧ್ಯವೇ ಇಲ್ಲ ಅಂತಲ್ಲ, ದಿನಾ ಬೈದುಕೊಳ್ಳುತ್ತೀರಿ. 45 ಆಳದ್ದಾದರೆ ಆರು ಇಂಚು ಜಾಸ್ತಿ ಸಿಗುತ್ತೆ.

ಉದ್ದನೆ ಗೋಡೆಗೆ ಮೆಷಿನ್, ಪಕ್ಕದಲ್ಲಿ ಸಿಂಕು, ಮೂಲೆಯಲ್ಲಿ ಪೊರಕೆ, ಮಾಪು ನಿಲ್ಲಿಸುವ ಒಂದಡಿ ಅಗಲದ ಉದ್ದ ಬೀರು. ಇಷ್ಟೇ. ಮೆಷಿನ್ ಮೇಲೆ 36 ಇಂಚು ಎತ್ತರಕ್ಕೆ ಗ್ರಾನೈಟ್ ಹಲಗೆ ಕೂರಿಸಿ. ಕಲ್ಲು ಮೆಷಿನ್ನಿಗೆ ತಾಗಬಾರದು, ಗೋಡೆಯಿಂದ ಆಧಾರ ಕೊಡಿಸಿ. ಮೆಷಿನ್ನನ್ನು ಮುಂದಕ್ಕೆ ಎಳೆಯಲು ಬರಬೇಕು. ರಿಪೇರಿಗೆ ಬಂದವನು ಕಲ್ಲು ಕೀಳಿಸಿ ಅಂದರೆ ಕಷ್ಟ. ಬಟ್ಟೆ ಮಡಚಲು ಆ ಹಲಗೆಯೇ ಸಾಕು. ಮೇಲಿನ ಗೋಡೆ ಬೀರುವಿಗೆ ಪ್ಲೈವುಡ್ ಆದರೆ ನೀರು ತಡೆಯುವ ಪ್ಲೈಗೆ ಹಾಕುವ ಐಎಸ್ 710 ಮುದ್ರೆ ನೋಡಿ ತೆಗೆದುಕೊಳ್ಳಿ. ಮಾಮೂಲಿ ಪ್ಲೈ ಎರಡು ಮಳೆಗಾಲಕ್ಕೆ ಹೋಳಿಗೆ ಹಾಗೆ ಪದರ ಬಿಡುತ್ತೆ.

ಟಾಪ್ ಲೋಡ್ ತರುವ ಯೋಚನೆ ಇದ್ದರೆ ಈ ಹಲಗೆ, ಬೀರು ಎರಡನ್ನೂ ಮರೆತುಬಿಡಿ. ನನ್ನ ಸ್ವಂತ ಮನೆಯಲ್ಲೇ ಆದದ್ದು ಹೇಳುತ್ತೇನೆ. ಟಾಪ್ ಲೋಡ್ ಮೆಷಿನ್ ಮೇಲೆ ನಾನೇ ನಿಂತು ಬೀರು ಮಾಡಿಸಿದೆ. ಬಣ್ಣ ಎಲ್ಲಾ ಮುಗಿದ ಮೇಲೆ ಮುಚ್ಚಳ ತೆಗೆದರೆ, ಅರ್ಧಕ್ಕೇ ಬೀರುವಿಗೆ ಬಡಿದು ನಿಂತಿತು. ಊರಿಗೆಲ್ಲಾ ಅಳತೆ ಹೇಳುವವಳು! ಒಂದು ವರ್ಷ ಒಂದು ಕೈಯಲ್ಲಿ ಮುಚ್ಚಳ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ತುರುಕಿದೆ. ಆಮೇಲೆ ಬೀರು ಬಿಚ್ಚಿಸಿದೆ.

ಕರೆಂಟು: ನೀರು ಕಾಯಿಸುವ ಮೆಷಿನ್ 2000 ವ್ಯಾಟ್ ಆಸುಪಾಸು ಎಳೆಯುತ್ತೆ. 16 ಆಂಪ್ ಪ್ಲಗ್ಗೇ ಬೇಕು, ಅರ್ಥಿಂಗ್ ಸರಿ ಇರಬೇಕು, ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚು, ಅಂದರೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಬೇಕು. ಪ್ಲಗ್ಗು ನಲ್ಲಿಯಿಂದ ದೂರ ಇರಲಿ, ಎದೆ ಎತ್ತರಕ್ಕೆ ಇರಲಿ. ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ.

ಆಟಿ ತಿಂಗಳಲ್ಲಿ ಮೂರು ದಿನವಾದರೂ ಬಟ್ಟೆ ಒಣಗುವುದಿಲ್ಲ. ಒಣಗಿದರೂ ಮುಗ್ಗಲು ವಾಸನೆ. ಡ್ರೈಯರ್ ತಗೊಳ್ಳಬೇಕಾ? — ಮಂಗಳೂರು

ತಗೊಳ್ಳುವ ಮೊದಲು ಒಂದು ಲೆಕ್ಕ. ಕಳೆದ ವರ್ಷ ನಾನು ಅಡುಗೆಮನೆ ತಕ್ಕಡಿಯಲ್ಲಿ ಸ್ನಾನದ ಟವೆಲ್ ಒಂದನ್ನು ತೂಗಿದೆ. ಒಣಗಿದಾಗ 400 ಗ್ರಾಂ. ಒದ್ದೆ ಮಾಡಿ, ಕೈ ನೋಯುವ ಹಾಗೆ ಹಿಂಡಿ ತೂಗಿದರೆ 900. ಮತ್ತೆ ನೆನೆಸಿ, ಮೆಷಿನ್ನಿನಲ್ಲಿ ನಿಮಿಷಕ್ಕೆ 1200 ಸುತ್ತಿನ ವೇಗದಲ್ಲಿ ತಿರುಗಿಸಿ ತೂಗಿದೆ, 630. ಅಂದರೆ ಒಂದು ಟವೆಲ್ಲಿನಲ್ಲೇ ಕಾಲು ಲೀಟರಿಗಿಂತ ಜಾಸ್ತಿ ನೀರಿನ ವ್ಯತ್ಯಾಸ. ಆ ನೀರನ್ನು ಮೆಷಿನ್ ತೆಗೆಯದಿದ್ದರೆ ನಿಮ್ಮ ರೂಮಿನ ಗಾಳಿ ಕುಡಿಯಬೇಕು. ಮಂಗಳೂರಿನ ಜುಲೈ ಗಾಳಿ ಮೊದಲೇ ಹೊಟ್ಟೆ ತುಂಬಾ ಕುಡಿದಿರುತ್ತೆ. ಆಮೇಲೆ ಗೋಡೆಗೆ ಬೂಸಲು, ಬೀರುವಿಗೆ ವಾಸನೆ.

ಹಾಗಾಗಿ ಮೊದಲ ಕೆಲಸ, ದುಡ್ಡು ಖರ್ಚಿಲ್ಲದ್ದು: ಮೆಷಿನ್ ನಿಂತ ಮೇಲೆ ಬರೀ ಸ್ಪಿನ್ ಇನ್ನೊಂದು ಸಲ ಹಾಕಿ. ರೇಷ್ಮೆ, ಉಣ್ಣೆ ಬಿಟ್ಟು. ಎರಡನೇದು, ಬಟ್ಟೆ ನಡುವೆ ನಾಲ್ಕು ಬೆರಳು ಜಾಗ ಬಿಡಿ, ಮೇಲೆ ಫ್ಯಾನು ಹಾಕಿ. ಕಿಟಕಿ ಎಲ್ಲಾ ಮುಚ್ಚಿಕೊಂಡು ಫ್ಯಾನು ಹಾಕಿದರೆ ಅದೇ ತೇವ ಸುತ್ತುತ್ತೆ ಅಷ್ಟೆ. ಒಂದು ಎಕ್ಸಾಸ್ಟ್ ಫ್ಯಾನು ಆ ತೇವವನ್ನು ಹೊರಗೆ ಎಳೆಯಲಿ. ಮುಗ್ಗಲು ವಾಸನೆ ಬರುವುದು ಬಟ್ಟೆ ತುಂಬಾ ಹೊತ್ತು ಒದ್ದೆಯಾಗಿ ಇದ್ದುದರಿಂದ. ಒಗೆದ ಬಟ್ಟೆಯನ್ನು ರಾತ್ರಿಯಿಡೀ ಡ್ರಮ್ಮಿನೊಳಗೇ ಬಿಟ್ಟರೆ ಯಾವ ಪರಿಮಳದ ಕಂಫರ್ಟೂ ಕಾಪಾಡುವುದಿಲ್ಲ. ಬಾಗಿಲಿನ ರಬ್ಬರಿನ ಮಡಿಕೆ ಬಿಡಿಸಿ ನೋಡಿದ್ದೀರಾ? ಕಪ್ಪು ಚುಕ್ಕಿ, ಕೂದಲು, ಒಂದು ಹೇರ್‌ಪಿನ್ನು, ಸ್ವಲ್ಪ ನೀರು. ವಾಸನೆಯ ತವರುಮನೆ ಅದೇ. ಪ್ರತಿ ಸಲ ಒರೆಸಿ, ಬಾಗಿಲು ತೆರೆದೇ ಇಡಿ.

ತಾರಸಿ ನಿಮ್ಮದೇ ಆದರೆ ಪಾರದರ್ಶಕ ಶೀಟು ಹಾಕಿಸಿ. ಎರಚಲು ತಡೆಯಲು ಸುತ್ತ ಒಂದೂವರೆ, ಎರಡು ಅಡಿ ಹೊರಚಾಚಲಿ. ಪಕ್ಕಗಳನ್ನು ಮುಚ್ಚಬೇಡಿ, ಗಾಳಿಯೇ ಅಲ್ಲಿನ ಆಸ್ತಿ.

ಇಷ್ಟಾದ ಮೇಲೂ ಮಕ್ಕಳ ಯೂನಿಫಾರ್ಮು ಒಣಗದಿದ್ದರೆ ಡ್ರೈಯರ್ ತಗೊಳ್ಳಿ, ತಪ್ಪಿಲ್ಲ. ಹೀಟ್ ಪಂಪ್ ಇರುವುದು ದುಬಾರಿ, ಆದರೆ ಮಾಮೂಲಿ ಕಂಡೆನ್ಸರ್ ಡ್ರೈಯರಿಗಿಂತ ಕರೆಂಟು ಎಷ್ಟೋ ಕಡಿಮೆ ತಿನ್ನುತ್ತೆ. ಫ್ರಂಟ್ ಲೋಡ್ ಮೇಲೆ, ಅದಕ್ಕೆ ಹೊಂದುವ ಕಿಟ್ ಹಾಕಿ ಕೂರಿಸಿದರೆ ನೆಲದ ಜಾಗ ಒಂದಿಂಚೂ ಜಾಸ್ತಿ ಬೇಡ. ಎರಡೂ ಸೇರಿ ಸುಮಾರು ಐದು ಮುಕ್ಕಾಲು ಅಡಿ ಎತ್ತರ. ಗುಂಡಿಗಳು ನಿಮ್ಮ ಕೈಗೆ ಎಟುಕುತ್ತವಾ ನೋಡಿಕೊಳ್ಳಿ. ಮಲೆನಾಡಿನ ನನ್ನ ಗೆಳತಿ ಚಿಕ್ಕಂದಿನಲ್ಲಿ ಬಚ್ಚಲ ಹಂಡೆ ಒಲೆ ಮೇಲೆ ಯೂನಿಫಾರ್ಮು ಒಣಗಿಸುತ್ತಿದ್ದಳಂತೆ. ಇಡೀ ತರಗತಿಗೆ ಹೊಗೆ ವಾಸನೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ, ಎಲ್ಲರದ್ದೂ ಅದೇ ವಾಸನೆ.

ಹೊಸ ಫ್ರಂಟ್ ಲೋಡ್ ತಂದು ಆರು ತಿಂಗಳು. ಈಗ ನೀರು ತುಂಬುವುದೇ ಮುಗಿಯುವುದಿಲ್ಲ, ಎರಡು ಗಂಟೆ ಹಿಡಿಯುತ್ತೆ. ಒಂದೇ ಅಂತಸ್ತಿನ ಮನೆ, ಬೋರ್‌ವೆಲ್ ನೀರು. — ದಾವಣಗೆರೆ

ಮೂರು ಅನುಮಾನ. ಹೊರಹೋಗುವ ಪೈಪು ನೆಲದ ಮೇಲೆ ಮಲಗಿದೆಯಾ? ಹಾಗಿದ್ದರೆ ತುಂಬಿದ ನೀರು ತುಂಬಿದ ಹಾಗೇ ಹರಿದುಹೋಗುತ್ತಿರುತ್ತೆ, ಮೆಷಿನ್ ಪಾಪ ತುಂಬುತ್ತಲೇ ಇರುತ್ತೆ. ಪೈಪಿನ ತುದಿಯನ್ನು ಎರಡು-ಮೂರು ಅಡಿ ಎತ್ತರಕ್ಕೆ ಎತ್ತಿ ಕಟ್ಟಿ.

ಎರಡನೇದು ಜಾಲರಿ. ನಲ್ಲಿ ಮುಚ್ಚಿ, ಮೆಷಿನ್ ಹಿಂದೆ ನೀರಿನ ಪೈಪು ತಿರುಗಿಸಿ ಬಿಚ್ಚಿ. ಒಳಗೆ ಬೆರಳ ತುದಿಯಷ್ಟು ಪ್ಲಾಸ್ಟಿಕ್ ಜಾಲರಿ ಇರುತ್ತೆ. ಇಕ್ಕಳದಲ್ಲಿ ಮೆಲ್ಲಗೆ ಎಳೆಯಿರಿ. ಬೋರ್‌ವೆಲ್ ನೀರಾದರೆ ಅದರ ತುಂಬಾ ಸಣ್ಣ ಮರಳು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಹಾಕಿ. ಮೊದಲು ಸರಿ ಇದ್ದು ಈಗ ಕೆಟ್ಟಿದೆ ಅಂತೀರಲ್ಲ, ನನ್ನ ಓಟು ಇದಕ್ಕೇ.

ಮೂರನೇದು ಟ್ಯಾಂಕಿನ ಎತ್ತರ. ಕೆಲವು ಫ್ರಂಟ್ ಲೋಡ್ ಮೆಷಿನ್‌ಗಳು ಕನಿಷ್ಠ 0.3 ಬಾರ್ ನೀರಿನ ಒತ್ತಡ ಕೇಳುತ್ತವೆ. ಅಂದರೆ ನಲ್ಲಿಗಿಂತ ಹತ್ತಡಿ ಮೇಲೆ ನೀರು ನಿಂತಿರಬೇಕು. ಟ್ಯಾಂಕ್ ಕೆಳಗಿದ್ದರೆ ಚಿಕ್ಕ ಪಂಪು ಹಾಕಿಸಬೇಕಾಗುತ್ತೆ.

ಗಡಸು ನೀರು ಅಂತ ಕಾಣುತ್ತೆ, ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 200 ಮಿ.ಗ್ರಾಂ. ಗಡಸುತನ, ಬೇರೆ ನೀರು ಸಿಗದಿದ್ದರೆ 600ರವರೆಗೆ. ಜಾಸ್ತಿ ಇದ್ದಷ್ಟೂ ಹೀಟರಿಗೆ ಸುಣ್ಣದ ಪೊರೆ ಬೇಗ ಕಟ್ಟುತ್ತೆ. ಅದಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಖಾಲಿ ಮೆಷಿನ್ ಬಿಸಿನೀರಲ್ಲಿ ಓಡಿಸುವುದುಂಟು, ಮೆಷಿನ್ ಪುಸ್ತಕ ಒಪ್ಪಿದರೆ ಮಾತ್ರ ಮಾಡಿ. ಬ್ಲೀಚ್ ಜೊತೆ ಬೆರೆಸಲೇಬಾರದು, ವಿಷದ ಗಾಳಿ ಬರುತ್ತೆ.

ಹಿತ್ತಲಲ್ಲಿ ಮೆಷಿನ್ನಿಗೆ ಚಂದದ ಜಾಗ ಮಾಡುತ್ತಿದ್ದೇವೆ. ಅತ್ತೆ ಮಾತ್ರ ಒಗೆಯುವ ಕಲ್ಲು ಬೇಕೇ ಬೇಕು ಅಂತಾರೆ. ಹಳೇ ಕಾಲದ್ದು ಕಾಣಲ್ವಾ? — ತುಮಕೂರು

ನಾನು ನಿಮ್ಮ ಅತ್ತೆ ಪಕ್ಷ. ಮೆಷಿನ್ನಿಗೆ ಕಾಲರ್ ಗೊತ್ತಾಗಲ್ಲ. ಕಾಲುಚೀಲ, ಒರೆಸುವ ಬಟ್ಟೆ, ಬಣ್ಣ ಬಿಡುವ ಹೊಸ ಇಳಕಲ್ ಸೀರೆ, ಇವೆಲ್ಲಾ ಕಲ್ಲಿನ ಹತ್ತಿರವೇ ಹೋಗಬೇಕು. ಹಳೇ ಕಲ್ಲಿನ ತಪ್ಪು ಒಂದೇ, ಮೊಣಕಾಲೆತ್ತರದಲ್ಲಿತ್ತು. ಸೊಂಟ ಹೋದದ್ದು ಅದರಿಂದ.

ಈಗ ನಿಂತು ಒಗೆಯುವ ಹಾಗೆ ಕಟ್ಟಿಸಿ. ಅತ್ತೆಯವರನ್ನು ನಿಲ್ಲಿಸಿ ಮುಷ್ಟಿ ನೇರ ಇಳಿಬಿಡಲು ಹೇಳಿ. ಆ ಮುಷ್ಟಿಯ ಮಟ್ಟಕ್ಕಿಂತ ಒಂದೆರಡು ಇಂಚು ಮೇಲೆ ಕಲ್ಲಿನ ಮುಂತುದಿ ಬರಲಿ. ಸಾದರಹಳ್ಳಿ ಬೂದು ಕಲ್ಲು ಸಿಕ್ಕರೆ ಚೆನ್ನ. ಪಾಲಿಷ್ ಬೇಡ, ಉಳಿ ಹೊಡೆದದ್ದಿರಲಿ, ಅಂಚು ಮಾತ್ರ ದುಂಡಗೆ ಮಾಡಿಸಿ. ಪಕ್ಕದ ತೊಟ್ಟಿ ಕಡೆಗೆ ಎರಡು ಇಂಚು ಇಳಿಜಾರು. ಕೆಳಗೆ ಗೋಡೆಯಲ್ಲಿ ಕಾಲ್ಬೆರಳು ತೂರುವಷ್ಟು ಗೂಡು ಬಿಡಿಸಿ, ಇಲ್ಲದಿದ್ದರೆ ಹಿಂದೆ ನಿಂತು ಮುಂದಕ್ಕೆ ಬಾಗಬೇಕಾಗುತ್ತೆ. ಮೆಷಿನ್ನನ್ನು ನಾಲ್ಕು ಇಂಚಿನ ಕಟ್ಟೆ ಮೇಲೆ ಕೂರಿಸಿ, ಬುಡಕ್ಕೆ ಇಲಿ ನುಗ್ಗದ ಹಾಗೆ ತಂತಿ ಬಲೆ ಹೊಡೆಯಿರಿ. ಹಿತ್ತಲ ಇಲಿಗೆ ಕರೆಂಟಿನ ವೈರು ಅಂದ್ರೆ ಪ್ರಾಣ. ಬೂದು ಕಲ್ಲು, ಬಿಳಿ ಗೋಡೆ, ಪಕ್ಕದಲ್ಲಿ ತುಳಸಿ ಇದ್ದರೆ ಆಯ್ತು. ಕಾಫಿ ಹೋಟೆಲಿನವರು ಇದೇ ನೋಟಕ್ಕೆ ಲಕ್ಷ ಖರ್ಚು ಮಾಡ್ತಾರೆ.

ಒಗೆಯುವ ಜಾಗ ಸ್ಟೈಲಾಗಿ ಕಾಣಬೇಕು, ಆದರೆ ಖರ್ಚು ಎರಡು ಸಾವಿರ ಮೀರಬಾರದು. — ಧಾರವಾಡ

ಕೆಂಪು ಬಕೆಟ್, ಹಸಿರು ಮಗ್ಗು, ನೀಲಿ ಟಬ್ಬು, ಹಳದಿ ಕ್ಲಿಪ್ಪು. ಹೌದಾ? ಎಲ್ಲಾ ತೆಗೆದು ಒಂದೇ ಬಣ್ಣದ್ದು ತನ್ನಿ. ಪೌಡರ್ ಪ್ಯಾಕೆಟ್ಟುಗಳನ್ನು ಎರಡು ಒಂದೇ ಥರದ ಡಬ್ಬಕ್ಕೆ ಸುರಿಯಿರಿ. ಒಂದು ಒಳ್ಳೇ ಬಲ್ಬು ಹಾಕಿ, ಕಲೆ ಹೋಗಿದೆಯಾ ಇಲ್ವಾ ಅಂತ ಕಾಣಲಿಕ್ಕಾದರೂ. ದುಡ್ಡು ಉಳಿಯುತ್ತೆ.

ಮನೆ ಬದಲಿಸಿದ ಮೇಲೆ ಮೆಷಿನ್ ಸ್ಪಿನ್ ಆಗುವಾಗ ರೂಮಿಡೀ ಕುಣಿಯುತ್ತೆ. — ಶಿವಮೊಗ್ಗ

ಹಿಂದೆ ನೋಡಿ. ಸಾಗಿಸುವಾಗ ಡ್ರಮ್ ಅಲ್ಲಾಡದಿರಲಿ ಅಂತ ಹಾಕಿದ ಮೂರ್ನಾಲ್ಕು ಬೋಲ್ಟು ಹಾಗೇ ಇದ್ದರೆ ತೆಗೆಯಿರಿ. ಅವು ಇಲ್ಲ ಅಂದರೆ ನಾಲ್ಕು ಕಾಲನ್ನು ಮಟ್ಟ ಮಾಡಿ. ಮೂಲೆ ಮೂಲೆಗೆ ಕೈ ಊರಿ ಒತ್ತಿದಾಗ ಅಲ್ಲಾಡಬಾರದು. ಬೋಲ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೆಷಿನ್ ಬೆನ್ನಿಗೇ ಅಂಟಿಸಿಬಿಡಿ. ಬಾಡಿಗೆ ಮನೆ ತಾನೇ, ಮತ್ತೆ ಬೇಕಾಗುತ್ತೆ.