ನಗಿಸುತ್ತಿದ್ದ ದ್ವಾರಕೀಶ್ ದುಡ್ಡು ಹಾಕಲು ಹೊರಟದ್ದು ಯಾಕೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಕನ್ನಡದ ಹಾಸ್ಯ ನಟರ ಬಗ್ಗೆ ಬರೆಯುವಾಗ ದ್ವಾರಕೀಶ್ ಅವರಿಗೆ ನಾಲ್ಕೇ ಸಾಲು ಕೊಟ್ಟಿದ್ದೆ. ಅದು ಸಾಲದು ಅಂತ ತುಂಬಾ ಜನ ಬರೆದಿದ್ದೀರಿ. ನೀವು ಹೇಳಿದ್ದು ಸರಿ. ಹಾಗಾಗಿ ಈ ಸಲದ ಪುಟ ಪೂರ್ತಿ ಅವರಿಗೇ.

ಪ್ರಶ್ನೆ: ದ್ವಾರಕೀಶ್ ನಮ್ಮೂರಿನವರು ಅಂತ ನಮಗೆ ಹೆಮ್ಮೆ. ಆದರೆ ಅವರು ಸಿನಿಮಾಕ್ಕೆ ಬಂದದ್ದು ಹೇಗೆ ಅಂತ ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. (ಹುಣಸೂರಿನಿಂದ)

ಉತ್ತರ: ನಿಮ್ಮೂರಿನವರೇ, ಹುಟ್ಟಿದ್ದು 1942ರ ಆಗಸ್ಟ್ 19ರಂದು. ಪೂರ್ತಿ ಹೆಸರು ಬಂಗ್ಲೆ ಶಾಮರಾವ್ ದ್ವಾರಕಾನಾಥ್. ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿ, ಅಣ್ಣನ ಜೊತೆ ಅಲ್ಲೇ ವಾಹನಗಳ ಬಿಡಿಭಾಗದ ಅಂಗಡಿ ನಡೆಸುತ್ತಿದ್ದರು. ಸೋದರಮಾವ ಹುಣಸೂರು ಕೃಷ್ಣಮೂರ್ತಿ ಆಗಲೇ ಹೆಸರು ಮಾಡಿದ್ದ ನಿರ್ದೇಶಕರು. ಅವರ 'ವೀರ ಸಂಕಲ್ಪ'ದಲ್ಲಿ ಹುಡುಗ ಮೊದಲು ಬಣ್ಣ ಹಚ್ಚಿದ. ದ್ವಾರಕಾನಾಥ್ ಹೋಗಿ ದ್ವಾರಕೀಶ್ ಆದದ್ದು ನಿರ್ದೇಶಕ ಸಿ.ವಿ. ಶಿವಶಂಕರ್ ಇಟ್ಟ ಹೆಸರಿನಿಂದ. ಅಂಗಡಿಯಲ್ಲಿ ಕೂತು ಲೆಕ್ಕ ಬರೆದವರು ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆ: ಹಾಸ್ಯ ನಟನಾಗಿ ಹಾಯಾಗಿ ಇರಬಹುದಿತ್ತು. ಸುಮ್ನೆ ಯಾಕೆ ನಿರ್ಮಾಣದ ತಲೆನೋವು ಕಟ್ಟಿಕೊಂಡರು? (ದಾವಣಗೆರೆಯಿಂದ)

ಉತ್ತರ: ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. 'ಹಾಯಾಗಿ' ಅನ್ನುವ ಮಾತಿನಿಂದಲೇ ಶುರು ಮಾಡೋಣ. ಆ ಕಾಲದ ಹಾಸ್ಯ ನಟನಿಗೆ ಒಂದು ಚಿತ್ರದಲ್ಲಿ ಸಿಗುತ್ತಿದ್ದದ್ದು ಕೆಲವೇ ದಿನಗಳ ಕಾಲ್‌ಶೀಟ್. ನಾಯಕ, ನಾಯಕಿಯ ಕಥೆ ಒಂದು ಕಡೆ ನಡೆಯುತ್ತಿದ್ದರೆ ಹಾಸ್ಯದ ಕಥೆ ಇನ್ನೊಂದು ಕಡೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಸಿನಿಮಾ ಉದ್ದವಾಯಿತು ಅಂದರೆ ಮೊದಲು ಕತ್ತರಿ ಬೀಳುತ್ತಿದ್ದದ್ದೂ ಅದಕ್ಕೇ. ಅದರ ಮೇಲೆ ನರಸಿಂಹರಾಜು, ಬಾಲಕೃಷ್ಣ ಅವರಂಥ ದೊಡ್ಡವರು ಆಗಲೇ ಜನರ ಮನಸ್ಸಿನಲ್ಲಿ ಕೂತಿದ್ದರು. ಹೊಸ ಹುಡುಗ, ಅದೂ ಇಷ್ಟು ಗಿಡ್ಡ, ಯಾರಾದರೂ ಕರೆಯಲಿ ಅಂತ ಎಷ್ಟು ದಿನ ಕಾಯಬೇಕು?

ದ್ವಾರಕೀಶ್ ಕಾಯಲಿಲ್ಲ. 1966ರಲ್ಲೇ ತುಂಗಾ ಪಿಕ್ಚರ್ಸ್ ಹೆಸರಿನಲ್ಲಿ ಬೇರೆಯವರ ಜೊತೆ ಸೇರಿ 'ಮಮತೆಯ ಬಂಧನ' ತೆಗೆದರು. ಆಮೇಲೆ 1969ರಲ್ಲಿ ಸ್ವಂತವಾಗಿ 'ಮೇಯರ್ ಮುತ್ತಣ್ಣ'. ನಾಯಕ ಡಾ. ರಾಜ್‌ಕುಮಾರ್, ನಾಯಕಿ ಭಾರತಿ. ಆಗ ಈ ನಿರ್ಮಾಪಕರ ವಯಸ್ಸು 27ರ ಆಸುಪಾಸು! ರಾಜ್ ಅವರ ಕಾಲ್‌ಶೀಟ್ ಸಿಕ್ಕ ಮೇಲೆ ಯಾರಾದರೂ ಏನು ಮಾಡುತ್ತಾರೆ ಹೇಳಿ, ನುರಿತ ನಿರ್ದೇಶಕರನ್ನು ಕರೆತಂದು ನಿಶ್ಚಿಂತೆಯಿಂದ ಇರುತ್ತಾರೆ ಅಲ್ವಾ. ಇವರು ಅದುವರೆಗೆ ಒಂದು ಚಿತ್ರವನ್ನೂ ನಿರ್ದೇಶಿಸದ ಸಿದ್ದಲಿಂಗಯ್ಯ ಅವರ ಕೈಗೆ ಇಡೀ ಸಿನಿಮಾ ಕೊಟ್ಟರು. ಚಿತ್ರ ಗೆದ್ದಿತು. ಅದೇ ಸಿದ್ದಲಿಂಗಯ್ಯ ಮೂರು ವರ್ಷಕ್ಕೆ 'ಬಂಗಾರದ ಮನುಷ್ಯ' ಮಾಡಿದರು. ದ್ವಾರಕೀಶ್ ಬಗ್ಗೆ ಮಾತಾಡುವಾಗ ಜನ ಅವರ ಮುಖಭಾವ, ಓಡಾಟ ನೆನೆಸಿಕೊಳ್ಳುತ್ತಾರೆ. ನನಗೆ ಮೊದಲು ನೆನಪಾಗುವುದು ಈ ನಿರ್ಧಾರ. ಯಾರ ಮೇಲೆ ದುಡ್ಡು ಹಾಕಬೇಕು ಅನ್ನುವುದನ್ನು ಅವರು ಮನುಷ್ಯನನ್ನು ನೋಡಿ ತೀರ್ಮಾನಿಸುತ್ತಿದ್ದರು.

ಇನ್ನೊಂದು ವಿಷಯ. ನಿರ್ಮಾಪಕರಾಗಿದ್ದಕ್ಕೇ ಅವರು ನಾಯಕರೂ ಆದರು. 1972ರ 'ಕುಳ್ಳ ಏಜೆಂಟ್ 000' ನೋಡಿ. ಪತ್ತೇದಾರಿ ಚಿತ್ರದ ನಾಯಕ ಎತ್ತರವಾಗಿ, ಗಂಭೀರವಾಗಿ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ಬೇರೆ ಯಾವ ನಿರ್ಮಾಪಕರು ಆ ಪಾತ್ರಕ್ಕೆ ಇವರನ್ನು ಕರೆಯುತ್ತಿದ್ದರು? ತಮ್ಮ ಬ್ಯಾನರಿನಲ್ಲಿ ತಾವೇ ಕರೆದುಕೊಂಡರು. ಅದೇ ಚಿತ್ರಕ್ಕೆ ಕಿಶೋರ್ ಕುಮಾರ್ ಅವರಿಂದ 'ಆಡು ಆಟ ಆಡು' ಹಾಡಿಸಿದರು. ಕಿಶೋರ್ ಕನ್ನಡದಲ್ಲಿ ಹಾಡಿದ ಹಾಡು ಅದೊಂದೇ. ಕಿಶೋರ್ ಕೂಡ ನಗಿಸುವ ನಟನಾಗಿದ್ದು ನಿರ್ದೇಶನ, ನಿರ್ಮಾಣ ಎರಡನ್ನೂ ಮಾಡಿದವರು. ಅಂಥ ಇಬ್ಬರು ಒಂದೇ ಹಾಡಿನಲ್ಲಿ ಸೇರಿದ್ದು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಪ್ರಶ್ನೆ: 'ಕುಳ್ಳ' ಅಂತ ಕರೆಯುವುದು ಅವಮಾನ ಅಲ್ಲವೇ? (ಶಿವಮೊಗ್ಗದಿಂದ)

ಉತ್ತರ: ಬೇರೆಯವರು ಚುಚ್ಚಲು ಹೇಳಿದರೆ ಅವಮಾನವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವರು ಆ ಮಾತನ್ನು ತಾವೇ ಎತ್ತಿಕೊಂಡು ಚಿತ್ರದ ಹೆಸರಿಗೇ ಇಟ್ಟರು. 'ಕಳ್ಳ ಕುಳ್ಳ', 'ಸಿಂಗಾಪುರದಲ್ಲಿ ರಾಜಾ ಕುಳ್ಳ', 'ಪ್ರಚಂಡ ಕುಳ್ಳ'. ಪೋಸ್ಟರ್ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಬಂದ ಮೇಲೆ ಆ ಪದದ ಮೊನೆ ಮುರಿದುಹೋಯಿತು. ಜನ ಪ್ರೀತಿಯಿಂದ 'ಕರ್ನಾಟಕದ ಕುಳ್ಳ' ಅಂದರು. ಹಾಗಂತ ಶಾಲೆಯಲ್ಲಿ ಗಿಡ್ಡಗಿರುವ ಮಗುವನ್ನು ಯಾರಾದರೂ ಹಾಗೆ ಕೂಗಿದರೆ ದಯವಿಟ್ಟು ತಡೆಯಿರಿ.

ಪ್ರಶ್ನೆ: ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಜೋಡಿ ಯಾಕೆ ಅಷ್ಟು ಚೆನ್ನಾಗಿ ಕೂಡಿಬಂತು? ಆಮೇಲೆ ಮುನಿಸು ಯಾಕೆ? (ಬೆಂಗಳೂರಿನಿಂದ)

ಉತ್ತರ: ಒಬ್ಬರು ಎತ್ತರ, ಕೋಪದ ಹುಡುಗನ ಇಮೇಜು. ಇನ್ನೊಬ್ಬರು ಗಿಡ್ಡ, ಚುರುಕು. ತೆರೆ ಮೇಲೆ ಜೊತೆಯಾಗಿ ನಿಂತರೆ ಸಾಕು, ಅರ್ಧ ನಗು ಬಂದುಬಿಡುತ್ತಿತ್ತು. 1975ರ 'ಕಳ್ಳ ಕುಳ್ಳ', 1977ರ 'ಕಿಟ್ಟು ಪುಟ್ಟು', 1978ರ 'ಸಿಂಗಾಪುರದಲ್ಲಿ ರಾಜಾ ಕುಳ್ಳ', 1981ರ 'ಗುರು ಶಿಷ್ಯರು'. ಇವುಗಳಲ್ಲಿ ಹಾಸ್ಯ ನಟ ನಾಯಕನ ಹಿಂದೆ ಬಾಲದ ಹಾಗೆ ಓಡುವುದಿಲ್ಲ, ಪಕ್ಕದಲ್ಲಿ ನಡೆಯುತ್ತಾನೆ. ಹೊರದೇಶದಲ್ಲಿ ಚಿತ್ರೀಕರಣ ಅನ್ನುವ ಮಾತೇ ಕನ್ನಡದಲ್ಲಿ ಇಲ್ಲದಿದ್ದಾಗ ಇಡೀ ತಂಡವನ್ನು ಸಿಂಗಾಪುರಕ್ಕೆ ಕರೆದೊಯ್ದ ಧೈರ್ಯವೂ ಇದೇ ಜೋಡಿಯದು.

ಮುನಿಸಿನ ವಿಷಯ ಕೆದಕಲು ನನಗೆ ಮನಸ್ಸಿಲ್ಲ. ಇಬ್ಬರೂ ಈಗ ಇಲ್ಲ. ದೂರವಾದರು, ಮತ್ತೆ ಹತ್ತಿರವಾದರು, ಅಷ್ಟು ಸಾಕು. 1993ರಲ್ಲಿ 'ರಾಯರು ಬಂದರು ಮಾವನ ಮನೆಗೆ' ಚಿತ್ರದಲ್ಲಿ ದ್ವಾರಕೀಶ್ ನಿರ್ದೇಶಕ, ವಿಷ್ಣು ನಾಯಕ.

ಪ್ರಶ್ನೆ: ನಿರ್ದೇಶಕರಾಗಿ ದ್ವಾರಕೀಶ್ ಹೇಗೆ? ಬರೀ ರೀಮೇಕ್ ಮಾಡಿದರು ಅಂತ ನಮ್ಮ ಮನೆಯಲ್ಲಿ ವಾದ. (ಹುಬ್ಬಳ್ಳಿಯಿಂದ)

ಉತ್ತರ: ರೀಮೇಕ್ ಜಾಸ್ತಿ, ಒಪ್ಪಿದೆ. 1985ರಲ್ಲಿ ಮೊದಲ ಸಲ ನಿರ್ದೇಶಿಸಿದ 'ನೀ ಬರೆದ ಕಾದಂಬರಿ'ಯೇ ಹಿಂದಿಯಿಂದ ಬಂದದ್ದು. ಮರುವರ್ಷ ಅದೇ ಕಥೆಯನ್ನು ತಮಿಳಿಗೆ 'ನಾನ್ ಅಡಿಮೈ ಇಲ್ಲೈ' ಅಂತ ತೆಗೆದುಕೊಂಡು ಹೋದರು. ನಾಯಕ ರಜನಿಕಾಂತ್, ನಾಯಕಿ ಶ್ರೀದೇವಿ. ಮೈಸೂರಿನಲ್ಲಿ ಬಿಡಿಭಾಗ ಮಾರುತ್ತಿದ್ದವರು ಮದ್ರಾಸಿನಲ್ಲಿ ರಜನಿಗೆ ಆ್ಯಕ್ಷನ್ ಹೇಳಿದರು, ನೋಡಿ!

ಆದರೆ ನಿಮ್ಮ ಮನೆಯ ವಾದದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಅವರು ನಟನೆಯಲ್ಲಿ ಹೆಸರು ಮಾಡಿ, ನಿರ್ಮಾಣದಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬೇರೆ ನಿರ್ದೇಶಕರ ಕೆಲಸ ನೋಡಿ, ಆಮೇಲೆ ಆ ಕುರ್ಚಿಯಲ್ಲಿ ಕೂತವರು. ಕೂತ ಮೇಲೂ ತಮ್ಮ ಹಾಸ್ಯದ ಸಿನಿಮಾಗಳನ್ನೇ ಮತ್ತೆ ಮತ್ತೆ ತೆಗೆಯಲಿಲ್ಲ. 1986ರಲ್ಲಿ 'ಆಫ್ರಿಕಾದಲ್ಲಿ ಶೀಲಾ' ಅಂತ ಕ್ಯಾಮೆರಾ ಹೊತ್ತು ಆಫ್ರಿಕಾಕ್ಕೆ ಹೋದರು. 1987ರ 'ಡ್ಯಾನ್ಸ್ ರಾಜ ಡ್ಯಾನ್ಸ್'ನಲ್ಲಿ ಲೀಲಾವತಿಯವರ ಮಗ ವಿನೋದ್ ರಾಜ್ ಅವರನ್ನು ನಾಯಕನಾಗಿ ತಂದರು. 1990ರ 'ಶ್ರುತಿ' ಒಬ್ಬ ನಟಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ನನ್ನ ಅಭಿಪ್ರಾಯ ಕೇಳಿದರೆ, ನಿರ್ದೇಶಕ ದ್ವಾರಕೀಶ್‌ಗಿಂತ ನಿರ್ಮಾಪಕ ದ್ವಾರಕೀಶ್ ದೊಡ್ಡವರು. ಅವರ ನಿರ್ದೇಶನದಲ್ಲಿ ಹಾಡು, ವೇಗ, ಕಣ್ಣೀರು ಚೆನ್ನಾಗಿವೆ, ಆದರೆ ಒಂದು ದೃಶ್ಯ ನೋಡಿ ಇದು ಇವರದೇ ಅಂತ ಗುರುತಿಸುವುದು ಕಷ್ಟ. ಹೊಸಬರನ್ನು ನಂಬಿದ ವಿಷಯದಲ್ಲಿ ಮಾತ್ರ ಅವರ ಕೈ ಎಲ್ಲಿ ನೋಡಿದರೂ ಗೊತ್ತಾಗುತ್ತದೆ.

ಪ್ರಶ್ನೆ: ಬೇರೆ ಹಾಸ್ಯ ನಟರು ಯಾರೂ ಈ ದಾರಿ ಹಿಡಿಯಲಿಲ್ಲವೇ? (ಕಾರವಾರದಿಂದ)

ಉತ್ತರ: ಹಿಡಿದರು. ನರಸಿಂಹರಾಜು 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ' ನಿರ್ಮಿಸಿದರು. ಬಾಲಕೃಷ್ಣ ಅಭಿಮಾನ್ ಸ್ಟುಡಿಯೊ ಕಟ್ಟಿದರು. ಸಾಧು ಕೋಕಿಲ 2003ರಲ್ಲಿ 'ರಕ್ತ ಕಣ್ಣೀರು' ನಿರ್ದೇಶಿಸಿದರು. ಆದರೆ ಒಂದೇ ಬ್ಯಾನರನ್ನು ಐವತ್ತು ಚಿತ್ರ ದಾಟಿಸಿದವರು ಇವರೇ.

ಪ್ರಶ್ನೆ: ಅಷ್ಟು ದುಡಿದವರು ಕಷ್ಟಕ್ಕೆ ಸಿಕ್ಕಿದ್ದು ಯಾಕೆ? (ತುಮಕೂರಿನಿಂದ)

ಉತ್ತರ: ಗೆದ್ದ ಚಿತ್ರದ ಲಾಭವನ್ನು ಪೂರ್ತಿ ಮುಂದಿನ ಚಿತ್ರಕ್ಕೆ ಹಾಕುತ್ತಿದ್ದರು. ಒಂದು ಸೋತರೆ ಇನ್ನೊಂದು ತೂಗಿಸುತ್ತದೆ, ನಿಜ, ಆದರೆ ಸಾಲಾಗಿ ಸೋತರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಟನಿಗೆ ಚಿತ್ರ ಸೋತರೂ ಸಂಭಾವನೆ ಕೈಯಲ್ಲಿರುತ್ತದೆ. ನಿರ್ಮಾಪಕನಿಗೆ ಹಾಗಲ್ಲ. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅವನ ದುಡ್ಡೆಲ್ಲ ಖರ್ಚಾಗಿ, ಜನ ಬರುವುದನ್ನು ಕಾಯುವುದೊಂದೇ ಉಳಿದಿರುತ್ತದೆ. ಸಿನಿಮಾಕ್ಕಾಗಿ ಮನೆಗಳನ್ನು ಮಾರಿದ್ದನ್ನು ದ್ವಾರಕೀಶ್ ತಾವೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದರು. ಅಂಗಡಿಯ ಲೆಕ್ಕ ಬರೆದವರು ಅಂತ ಮೊದಲೇ ಹೇಳಿದ್ದೆ ನೋಡಿ. ಲೆಕ್ಕ ಗೊತ್ತಿಲ್ಲದೆ ಕಳೆದುಕೊಂಡವರಲ್ಲ ಅವರು. ಗೊತ್ತಿದ್ದೂ ಇಳಿಯುತ್ತಿದ್ದರು. ಅದಕ್ಕೇ ನನಗೆ ಅವರ ಮೇಲೆ ಇಷ್ಟು ಗೌರವ, ಸ್ವಲ್ಪ ಸಂಕಟ ಕೂಡ.

ಹಾಗೆ ಸೋತು ಸೋತು, ಇನ್ನು ಮುಗಿಯಿತು ಅಂತ ಗಾಂಧಿನಗರ ಅಂದುಕೊಂಡಿದ್ದಾಗ 2004ರ ಆಗಸ್ಟಿನಲ್ಲಿ 'ಆಪ್ತಮಿತ್ರ' ಬಂತು. ಮಲಯಾಳದ 1993ರ 'ಮಣಿಚಿತ್ರತಾಳ್' ಕಥೆ, ಪಿ. ವಾಸು ನಿರ್ದೇಶನ, ವಿಷ್ಣುವರ್ಧನ್, ರಮೇಶ್ ಅರವಿಂದ್, ಪ್ರೇಮಾ. ನಾಗವಲ್ಲಿಯಾಗಿ ಕುಣಿದ ಸೌಂದರ್ಯ ಬಿಡುಗಡೆಗೆ ನಾಲ್ಕು ತಿಂಗಳ ಮೊದಲೇ, ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಿದ್ದರು. ಆ ದುಃಖ ಹೊತ್ತುಕೊಂಡೇ ಜನ ಥಿಯೇಟರಿಗೆ ಬಂದರು, ಮತ್ತೆ ಮತ್ತೆ ಬಂದರು. ವರ್ಷ ಓಡಿತು. ವಾಸು ಮರುವರ್ಷ ತಮಿಳಿನಲ್ಲಿ ರಜನಿ ಜೊತೆ 'ಚಂದ್ರಮುಖಿ' ಮಾಡಿದರು.

ಆಮೇಲೂ ದ್ವಾರಕೀಶ್ ಸುಮ್ಮನೆ ಕೂರಲಿಲ್ಲ. 2017ರ 'ಚೌಕ' ಅವರ ಬ್ಯಾನರಿನ 50ನೇ ಚಿತ್ರ. ಅದರ ನಿರ್ದೇಶಕ ತರುಣ್ ಸುಧೀರ್‌ಗೂ ಅದು ಮೊದಲ ಚಿತ್ರ, 1969ರಲ್ಲಿ ಸಿದ್ದಲಿಂಗಯ್ಯ ಅವರಿಗೆ ಆದ ಹಾಗೆಯೇ. 2024ರ ಏಪ್ರಿಲ್ 16ರಂದು, 81ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಪ್ರಶ್ನೆ: ನನ್ನ ಮಗಳಿಗೆ ಹದಿನಾರು. ಅವಳಿಗೆ ಅವರ ಯಾವ ಚಿತ್ರ ಮೊದಲು ತೋರಿಸಲಿ? (ಮಂಡ್ಯದಿಂದ)

ಉತ್ತರ: 'ಆಪ್ತಮಿತ್ರ' ಅವಳು ಆಗಲೇ ನೋಡಿರುತ್ತಾಳೆ. 'ಗುರು ಶಿಷ್ಯರು' ಹಾಕಿ, ಇಡೀ ಮನೆಯವರು ಕೂತು ನೋಡಿ. ಅವಳು ನಕ್ಕರೆ ಮಾರನೇ ದಿನ 'ಕುಳ್ಳ ಏಜೆಂಟ್ 000'. 'ಮೇಯರ್ ಮುತ್ತಣ್ಣ' ಹಾಕುವಾಗ ಮಾತ್ರ ಶುರುವಿನ ಹೆಸರುಗಳನ್ನು ಓಡಿಸಬೇಡಿ. ನಿರ್ಮಾಪಕರ ಹೆಸರು ಬಂದಾಗ ನಿಲ್ಲಿಸಿ, ಆಗ ಅವರಿಗೆ ಎಷ್ಟು ವಯಸ್ಸು ಅಂತ ಅವಳಿಗೆ ಹೇಳಿ.